ಹೊರುವವನ ಬಂದೂಕು

ಸಿನಿಮಾದ ಮೆಷಿನ್ ಗನ್ನಿನಲ್ಲಿ ತೋಟಾ ಮುಗಿಯುವುದೇ ಇಲ್ಲ. ನಾಯಕ ಅದನ್ನು ಸೊಂಟಕ್ಕೆ ಆನಿಸಿಕೊಂಡು ವೈರಿಗಳೆಲ್ಲ ಮಲಗುವವರೆಗೂ ಹೊಡೆಯುತ್ತಾನೆ. ಬೇಲಿಯಾಚೆಯ ಸುಬೇದಾರರ ಮುಂದೆ ಅದನ್ನು ಹೊಗಳಿದ್ದೇ ತಡ, ಹೀರೆಬಳ್ಳಿಗೆ ಕಡ್ಡಿ ನೆಡುತ್ತಿದ್ದವರು ಎದ್ದು ನಿಂತರು.

“ಎಷ್ಟು ಹೊತ್ತು ಹೊಡೆದ ಮೇಷ್ಟ್ರೇ?”

“ಎರಡು ನಿಮಿಷ ಇರಬಹುದು.”

“ಎರಡನೇ ಮಹಾಯುದ್ಧದಲ್ಲಿ ನಮ್ಮವರ ಕೈಲಿದ್ದದ್ದು ಬ್ರೆನ್ ಗನ್. ನಿಮಿಷಕ್ಕೆ 500 ಗುಂಡಿನ ಲೆಕ್ಕದಲ್ಲಿ ಓಡ್ತದೆ. ಮ್ಯಾಗಜಿನ್ನಿಗೆ ಹಿಡಿಯೋದು 30. ಅದನ್ನೂ ಪೂರ್ತಿ ತುಂಬದೆ 28ರ ಸುಮಾರಿಗೆ ನಿಲ್ಲಿಸ್ತಿದ್ರು. ಭಾಗಿಸಿ ನೋಡಿ.”

ಭಾಗಿಸಿದೆ. ನಾಲ್ಕು ಸೆಕೆಂಡೂ ಬರಲಿಲ್ಲ.

ಸುಬೇದಾರರು ಸೇವೆಯಲ್ಲಿ ಹಿಡಿದದ್ದು ಅದೇ ಬ್ರೆನ್ನಿನ ತಮ್ಮನನ್ನು, 7.62 ಮಿ.ಮೀ. ತೋಟಾಕ್ಕೆ ಬದಲಾಯಿಸಿದ ಎಲ್‌ಎಂಜಿಯನ್ನು. ಹಳೆಯದರ ಸಂಗತಿಯೆಲ್ಲ ತಾಲೀಮು ಕೊಟ್ಟ ಉಸ್ತಾದರ ಬಾಯಿಂದ ಬಂದದ್ದು. ಬ್ರೆನ್ನಿನ ಮೂಲ ಜೆಕ್ ದೇಶದ ವಿನ್ಯಾಸ. ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ 1937ರಿಂದ ತಯಾರಾಯಿತು. ಮ್ಯಾಗಜಿನ್ ಬಂದೂಕಿನ ನೆತ್ತಿಯ ಮೇಲೆ ಕೂರುತ್ತದೆ. ಅದು ಕಣ್ಣಿಗೆ ಅಡ್ಡ ಬರುವುದರಿಂದ ಗುರಿಕಟ್ಟು ಎಡಕ್ಕೆ ಸರಿದಿದೆ. ಖಾಲಿ ತೋಟಾ ಕೆಳಗೆ ಉದುರುತ್ತದೆ.

“ಹಾಗಾದರೆ ಎಡಚರ ಗತಿ?”

“ಎಡಚನೂ ಬಲಗೈಯವನಾಗಬೇಕು. ಫೌಜು ಅಲ್ವೇ!”

ನೆತ್ತಿಯ ಮ್ಯಾಗಜಿನ್ ನೋಡಲು ವಿಚಿತ್ರವಾದರೂ ಅದರಲ್ಲೊಂದು ಜಾಣತನವಿದೆ. ಮಲಗಿ ಹೊಡೆಯುವವನು ಕದಲಬೇಕಿಲ್ಲ. ಪಕ್ಕದಲ್ಲಿ ಮಲಗಿದ ‘ನಂಬರ್ ಎರಡು’ ಖಾಲಿಯದನ್ನು ಕಿತ್ತು ತುಂಬಿದ್ದನ್ನು ಕೂರಿಸುತ್ತಾನೆ. ಬಿಡದೆ ಹತ್ತು ಮ್ಯಾಗಜಿನ್ ಹೊಡೆದರೆ ನಳಿಗೆ ಕಾದು ಕೆಂಡವಾಗುತ್ತದೆ. ಅದನ್ನು ಹಿಡಿಕೆಯಿಂದ ಎತ್ತಿ ಬದಲಿ ನಳಿಗೆ ಸಿಕ್ಕಿಸುವವನೂ ಅವನೇ. ತುಂಬಿದ ಮ್ಯಾಗಜಿನ್ ಒಂದು ಕಿಲೋಗೂ ಮೇಲೆ ತೂಗುವುದರಿಂದ ಸೆಕ್ಷನ್ನಿನ ಉಳಿದ ಸಿಪಾಯಿಗಳ ಚೀಲದಲ್ಲೂ ಬ್ರೆನ್ನಿನ ಮ್ಯಾಗಜಿನ್ನುಗಳೇ. ಪಲ್ಲಕ್ಕಿಯಲ್ಲಿ ಕೂತ ದೇವರೊಂದು, ಹೆಗಲು ಕೊಟ್ಟವರು ಎಂಟು ಮಂದಿ!

“ಜರ್ಮನರ ಎಂಜಿ 42 ನಿಮಿಷಕ್ಕೆ 1200 ಹೊಡೀತಿತ್ತಂತಲ್ಲ?” ಎಂದು ಕೆಣಕಿದೆ.

“ಸೆಕೆಂಡಿಗೆ ಇಪ್ಪತ್ತು. ಆ ತೋಟಾ ಪಟ್ಟಿ ಹೊರೋರು ಯಾರು? ಅದನ್ನು ಕೇಳಿ.”

ಜಪಾನಿನವರಿಗೆ ಹೊರುವುದರ ಜೊತೆಗೆ ಒರೆಸುವ ಕಷ್ಟವೂ ಸೇರಿತ್ತು. ಅವರ ಹಳೆಯ ಟೈಪ್ 11 ಗನ್ನಿನ ಪಕ್ಕದಲ್ಲೊಂದು ತೊಟ್ಟಿ. ರೈಫಲ್ಲಿನ ಐದೈದು ತೋಟಾಗಳ ಕ್ಲಿಪ್ಪುಗಳನ್ನೇ ಆರು ಜೋಡಿಸಿದರೆ ಮೂವತ್ತು. ಯಾವ ಸಿಪಾಯಿಯ ಜೇಬಿನಿಂದಲಾದರೂ ಕಡ ತರಬಹುದು; ಉಪಾಯ ಚೆನ್ನ. ಆದರೆ ಪ್ರತಿ ತೋಟಾಕ್ಕೂ ಎಣ್ಣೆ ಸವರಿಯೇ ಒಳಗೆ ಕಳಿಸುವ ಏರ್ಪಾಡು. ಎಣ್ಣೆಗೆ ಧೂಳು ಅಂಟಿತು, ಗನ್ನು ಕಚ್ಚಿಕೊಂಡಿತು. ಟೈಪ್ 99 ರೈಫಲ್ಲಿಗಂತೂ ವಿಮಾನಕ್ಕೆ ಗುರಿ ಹಿಡಿಯಲೆಂದು ಮಡಚುವ ರೆಕ್ಕೆಗಳನ್ನೇ ಇಟ್ಟಿದ್ದರು!

“ತ್ರೀ ನಾಟ್ ತ್ರೀಗೆ ಅಂಥ ಶೋಕಿ ಇರಲಿಲ್ಲ,” ಎಂದರು ಸುಬೇದಾರರು. ಬಂಗಾಳದ ಇಷಾಪುರದಲ್ಲೂ ತಯಾರಾದ ರೈಫಲ್ ಅದು. ಸುಮಾರು ನಾಲ್ಕು ಕಿಲೋ, ಹತ್ತು ತೋಟಾ. ಬೋಲ್ಟಿನ ಹಿಡಿ ಕೆಳಕ್ಕೆ ಬಾಗಿ ಟ್ರಿಗರಿನ ಹತ್ತಿರವೇ ಇರುತ್ತದೆ. ಪಳಗಿದವರು ಹೆಬ್ಬೆರಳು ತೋರುಬೆರಳಲ್ಲಿ ಬೋಲ್ಟ್ ಹಿಡಿದೇ ನಡುಬೆರಳಿನಿಂದ ಟ್ರಿಗರ್ ಎಳೆಯುತ್ತಿದ್ದರು. ನಿಮಿಷಕ್ಕೆ ಗುರಿಯಿಟ್ಟು 15 ಗುಂಡು ಹೊಡೆಯುವುದು ಹಳೆಯ ಬ್ರಿಟಿಷ್ ತಾಲೀಮು. ಈ ರೈಫಲ್ಲಿನ ಕಿರಿಕಿರಿಯೆಲ್ಲ ತೋಟಾದ ಬುಡದಲ್ಲಿ: ಅಲ್ಲೊಂದು ಉಬ್ಬಿದ ಅಂಚು. ಮೇಲಿನದರ ಅಂಚು ಕೆಳಗಿನದರ ಮುಂದೆ ಕೂರಬೇಕು, ಹಿಂದೆ ಬಿದ್ದರೆ ಸಿಕ್ಕಿಕೊಂಡಿತು. ವೈರಿ ಎದುರಿಗಿದ್ದಾಗ ಈ ವ್ಯಾಕರಣ ತಪ್ಪುವಂತಿಲ್ಲ.

ನಮ್ಮ ಕೊಡಗಿನ ತಿಮ್ಮಯ್ಯನವರು ಬರ್ಮಾದ ಅರಾಕಾನಿನಲ್ಲಿ ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ ನಡೆಸಿದ್ದು ಇಂಥ ಆಯುಧಗಳ ಕಾಲದಲ್ಲೇ. ಅಲ್ಲಿನ ಕೆಸರಿಗೆ ಯಾವ ಕಂಪನಿಯ ಹೆಸರೂ ಲೆಕ್ಕಕ್ಕಿಲ್ಲ. ರೈಫಲ್ಲಿನ ಹಿಂಬದಿಯ ಹಿತ್ತಾಳೆ ಮುಚ್ಚಳ ತೆಗೆದರೆ ಒಳಗೆ ಎಣ್ಣೆ ಶೀಶೆ, ಪುಲ್‌ತ್ರೂ ಹಗ್ಗ. ಹಗ್ಗದ ತುದಿಗೆ ಚಿಂದಿ ಸಿಕ್ಕಿಸಿ ನಳಿಗೆಯೊಳಗೆ ಎಳೆಯಬೇಕು; ಚಿಂದಿ ಬೆಳ್ಳಗೆ ಬರುವವರೆಗೂ ಎಳೆಯಬೇಕು. ಗುಂಡು ಹಾರಿಸುವುದು ಒಂದು ಗಳಿಗೆ, ಒರೆಸುವುದು ಇಡೀ ಸಂಜೆ.

ಕೊನೆಗೆ ನೇರವಾಗಿಯೇ ಕೇಳಿದೆ: “ಅರಾಕಾನಿಗೆ ನಿಮ್ಮನ್ನೇ ಕಳಿಸಿದ್ದರೆ ಯಾವುದನ್ನು ಆರಿಸ್ಕೊಳ್ತಿದ್ರಿ?”

“ರೈಫಲ್ಲು!”

“ಬ್ರೆನ್ನನ್ನು ಇಷ್ಟೊತ್ತು ಹೊಗಳಿ?”

“ಅದು ಹತ್ತು ಕಿಲೋ ಮೇಷ್ಟ್ರೇ. ಬ್ರೆನ್ನು ಪಕ್ಕದವನ ಹೆಗಲ ಮೇಲಿರಲಿ. ಆದರೆ ಆ ಪಕ್ಕದವನು ಮಾತ್ರ ನನ್ನ ಬಿಟ್ಟು ಹತ್ತು ಗಜ ಆಚೆ ಹೋಗಬಾರದು.”