ಅಪ್ಪನ ವೀಣೆ, ಮಗನ ಬ್ಯಾಟು

ವಾದ್ಯಗಾರರ ಮನೆಯಲ್ಲಿ ವಾದ್ಯ ಮಕ್ಕಳ ಪಾಲಿಗೆ ಬರುವುದು ಖಂಡಿತ. ನುಡಿಸುವ ಹುಚ್ಚು ಬರುವುದು ಮಾತ್ರ ದೈವೇಚ್ಛೆ. ಮೈಸೂರಿನಲ್ಲಿ ಎರಡೂ ಬಂದದ್ದುಂಟು: ವೀಣೆ ಶೇಷಣ್ಣನವರ (1852–1926) ತಂದೆ ಬಕ್ಷಿ ಚಿಕ್ಕರಾಮಪ್ಪನವರೂ ಆಸ್ಥಾನ ವೈಣಿಕರು, ವೈಣಿಕ ದೊರೆಸ್ವಾಮಿ ಅಯ್ಯಂಗಾರರ ತಂದೆಯೂ ವೈಣಿಕರು, ಮಗನೂ ವೈಣಿಕ.

ಮೈಹರಿನ ಸಂಗೀತಗಾರ ಅಲ್ಲಾವುದ್ದೀನ್ ಖಾನರ ಮನೆಯ ಕಥೆ ಇನ್ನೂ ಸ್ವಾರಸ್ಯ. ಮಗ ಅಲಿ ಅಕ್ಬರರಿಗೆ ಗದರಿಸಿ ಗದರಿಸಿ ಸರೋದ್ ಕಲಿಸಿದರು. ಮಗಳು ಅನ್ನಪೂರ್ಣಾದೇವಿಗೆ ಕಲಿಸುವ ಯೋಚನೆಯೇ ಇರಲಿಲ್ಲ. ಆಕೆ ಅಣ್ಣನ ಪಾಠವನ್ನು ಕೇಳಿಯೇ ಕಲಿತು, ಒಂದು ದಿನ ಅವನ ತಪ್ಪು ತಿದ್ದುತ್ತಿದ್ದಾಗ ಅಪ್ಪನ ಕೈಗೇ ಸಿಕ್ಕಿಬಿದ್ದಳಂತೆ. ಬೈಗುಳಕ್ಕೆ ಬದಲು ಪಾಠ ಶುರುವಾಯಿತು. ಬೇಡವೆಂದ ವಿದ್ಯೆಗೆ ಇರುವ ರುಚಿಯೇ ಬೇರೆ!

ಸಾಮಾನ್ಯರ ಮನೆಗಳಲ್ಲಿ ಆಗುವುದು ತಿರುಗಾಮುರುಗಾ. ತಾನು ಜಂಟಿವರಸೆಗೇ ಕೈಬಿಟ್ಟ ತಾಯಿ, ಮಗಳು ವರ್ಣ ಮುಗಿಸಲೇಬೇಕೆಂದು ಹಟ ಹಿಡಿಯುತ್ತಾಳೆ. ಪಿಟೀಲು ಮೇಷ್ಟ್ರು ಬರುವ ಹೊತ್ತಿಗೆ ಸರಿಯಾಗಿ ಮಗನಿಗೆ ಹೊಟ್ಟೆನೋವು. ಅವರು ಚಪ್ಪಲಿ ಮೆಟ್ಟಿದೊಡನೆ ಅದು ವಾಸಿ, ಬ್ಯಾಟು ಹೊರಗೆ. ಕೆಲವೆಡೆ ರಾಜಿಯಲ್ಲಿ ಕೀಬೋರ್ಡ್ ಬರುತ್ತದೆ. ಅದಕ್ಕೆ ಹೆಡ್‌ಫೋನ್ ಸಿಕ್ಕಿಸಬಹುದಾದ್ದರಿಂದ ಈ ರಾಜಿಗೆ ನೆರೆಮನೆಯವರ ಪೂರ್ಣ ಬೆಂಬಲವೂ ಇರುತ್ತದೆ.