ಬಂತು, ಹೋಯ್ತು, ಕ್ಲಿಕ್!

ನನ್ನ ಹತ್ತಿರ ಗ್ರೇಟರ್ ನೋಯ್ಡಾದ ಒಂದೇ ರಸ್ತೆಯ ಮುನ್ನೂರು ಚಿಲ್ಲರೆ ಫೋಟೋಗಳಿವೆ. ಬೆಳಗಿನ ರಸ್ತೆ, ಮಧ್ಯಾಹ್ನದ ರಸ್ತೆ, ಸ್ವಲ್ಪ ಓರೆಯಾದ ರಸ್ತೆ. ಊರಿಗೆ ಬಂದು ಅಷ್ಟನ್ನೂ ತೋರಿಸಿದಾಗ ಮನೆಯವಳ ಬಾಯಿಂದ ಬಂದದ್ದು ಒಂದೇ ಮಾತು: "ರೀ, ಎಲ್ಲೂ ಒಂದು ಗುಂಡಿ ಇಲ್ವಲ್ರೀ!" ಬೆಂಗಳೂರಿನವಳು, ಕಣ್ಣು ಹೋಗುವುದೇ ಅಲ್ಲಿಗೆ.

ಅದು ಬುದ್ಧ್ ಸರ್ಕ್ಯೂಟ್. 2011ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ಮೊದಲ ಸಲ ಫಾರ್ಮುಲಾ ಒನ್ ಬಂದಾಗ ಬಾಮೈದನ ಜೊತೆ ನಾನೂ ಹೋಗಿದ್ದೆ. ಅವನ ಕುತ್ತಿಗೆಯಲ್ಲಿ ಸೋರೆಕಾಯಿ ಗಾತ್ರದ ಲೆನ್ಸು. ನಾನು ಅಂಗಿ ಜೇಬಿನಿಂದ ಸೋಪಿನ ಡಬ್ಬಿಯಂಥದ್ದನ್ನು ತೆಗೆದೆ. "ಭಾವ, ಅದು ನಾಮಕರಣಕ್ಕೆ ಸರಿ. ಮಗು ಎದ್ದು ಓಡಲ್ಲ" ಅಂದ.

ನಿಜ ಹೇಳಬೇಕೆಂದರೆ, ರಸ್ತೆಯಲ್ಲಿ ಇಲ್ಲದ ತೊಂದರೆ ನನ್ನ ಕ್ಯಾಮೆರಾದ ಗುಂಡಿಯಲ್ಲಿತ್ತು. ಒತ್ತಿದ ತಕ್ಷಣ ಪಟ ತೆಗೆಯುವುದು ಅದರ ಜಾಯಮಾನವಲ್ಲ. ಬೆಳಕು ಅಳೆಯಬೇಕು, ಲೆನ್ಸನ್ನು ಹಿಂದೆ ಮುಂದೆ ಆಡಿಸಿ ಫೋಕಸ್ ಹುಡುಕಬೇಕು. ಫೈಲು ಮೇಜಿಂದ ಮೇಜಿಗೆ ಹೋಗಿ ಸಹಿ ಬೀಳುವಷ್ಟರಲ್ಲಿ ಅರ್ಧ ಸೆಕೆಂಡು. ಗಂಟೆಗೆ 300 ಕಿ.ಮೀ. ಓಡುವ ಕಾರು ಅಷ್ಟರಲ್ಲಿ 41 ಮೀಟರ್ ದಾಟಿರುತ್ತದೆ. ಕಾರಿನ ಉದ್ದವೇ ಸುಮಾರು 5 ಮೀಟರ್. ಎಂದರೆ ಎಂಟು ಕಾರು ಸಾಲಾಗಿ ನಿಲ್ಲಿಸುವಷ್ಟು ಜಾಗ ಬಿಟ್ಟು ನಾನು ಕ್ಲಿಕ್ಕಿಸುತ್ತಿದ್ದೆ. ಇನ್ನು ಬಿಸಿಲಿಗೆ ಹಿಂಬದಿಯ ಪರದೆಯಲ್ಲಿ ಕಾರಿಗಿಂತ ನನ್ನ ಮೂಗೇ ಸ್ಪಷ್ಟವಾಗಿ ಕಾಣುತ್ತಿತ್ತು.

ನನಗಿಂತ ಬಡಪಾಯಿಗಳೂ ಇದ್ದರು ಅನ್ನಿ. ಪಕ್ಕದಲ್ಲೊಬ್ಬರು ನೂರು ಮೀಟರ್ ಆಚೆಯ ಕಾರಿಗೆ ಫ್ಲಾಶ್ ಹೊಡೆಯುತ್ತಿದ್ದರು. ಆ ಪುಟ್ಟ ಫ್ಲಾಶು ಮೂರ್ನಾಲ್ಕು ಮೀಟರಿಗೇ ಸುಸ್ತು. ಮುಂದಿನ ಸಾಲಿನ ಬೋಳುತಲೆಯೊಂದು ಮಾತ್ರ ಮೂರು ದಿನವೂ ಬೆಳಗಿತು.

ಶುಕ್ರವಾರ ಮೊದಲ ಅಭ್ಯಾಸದ ಹೊತ್ತಿಗೆ ಟ್ರ್ಯಾಕಿನ ಮೇಲೆ ನಾಯಿ ಬಂತು. ಕೆಂಪು ಬಾವುಟ ತೋರಿಸಿ ಜಗತ್ತಿನ ಅತಿ ವೇಗದ ಕಾರುಗಳನ್ನೆಲ್ಲ ನಿಲ್ಲಿಸಿದರು. ದೊಡ್ಡ ಪರದೆಯಲ್ಲಿ ಕಂಡ ಆ ನಾಯಿಯನ್ನು ನಾನು ಅಚ್ಚುಕಟ್ಟಾಗಿ ಹಿಡಿದೆ. ನನ್ನ ಕ್ಯಾಮೆರಾಕ್ಕೆ ತಕ್ಕ ವೇಗ ಅದರದ್ದು.

ಕೊನೆಗೆ ಬಾಮೈದನಿಗೇ ಕನಿಕರ ಬಂತು. "ಭಾವ, ಕಾರನ್ನ ಹುಡುಕ್ಬೇಡಿ, ಜಾಗ ಹುಡುಕಿ. ಕಾರು ಅಲ್ಲಿಗೇ ಬರುತ್ತೆ." ನೇರ ದಾರಿ ಬಿಟ್ಟು ಕಾರು ನಿಧಾನಿಸುವ ತಿರುವಿಗೆ ತಿರುಗಿದೆ. ಅಂಚಿನ ಬಣ್ಣದ ಪಟ್ಟಿಯ ಮೇಲೆ ಕ್ಯಾಮೆರಾ ಹಿಡಿದು ಗುಂಡಿಯನ್ನು ಅರ್ಧ ಒತ್ತಿ ಕಾಯುವುದು. ಫೋಕಸಿನ ಹುಡುಕಾಟವೆಲ್ಲ ಮೊದಲೇ ಮುಗಿದಿರುತ್ತದೆ. ಕಾರು ದೂರದಲ್ಲಿ ಕಂಡಾಗಿನಿಂದ ಸೊಂಟದ ಮೇಲೆ ಅದರ ಜೊತೆಗೇ ತಿರುಗುತ್ತ ಬಂದು ಒತ್ತುವುದು, ಒತ್ತಿದ ಮೇಲೂ ತಿರುಗುತ್ತಲೇ ಇರುವುದು. ಮಗಳನ್ನು ಬಸ್ಸು ಹತ್ತಿಸಿದವರು ಬಸ್ಸು ಮರೆಯಾಗುವ ತನಕ ಕತ್ತು ತಿರುಗಿಸುತ್ತಾರಲ್ಲ, ಹಾಗೆ.

ಅಲ್ಲೂ ಒಂದು ತಕರಾರು. ಬಿಸಿಲು ಜಾಸ್ತಿಯಿದ್ದರೆ ನನ್ನ ಡಬ್ಬಿ ತಾನಾಗೇ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಶಟರ್ ವೇಗ ಆರಿಸಿಕೊಂಡು ಚಕ್ರವನ್ನೂ ನಿಲ್ಲಿಸಿಬಿಡುತ್ತಿತ್ತು. ಕೋಟಿಗಟ್ಟಲೆ ಬೆಲೆಯ ಕಾರು ಮದುವೆ ಛತ್ರದ ಮುಂದೆ ಪಾರ್ಕ್ ಮಾಡಿದ ಹಾಗೆ! ಓಟ ಕಾಣಬೇಕಾದರೆ ಶಟರ್ ನೂರಿಪ್ಪತ್ತೈದರಲ್ಲೊಂದು ಭಾಗದಷ್ಟಾದರೂ ನಿಧಾನವಾಗಬೇಕಂತೆ. ಐಎಸ್‌ಒ 80ಕ್ಕೆ ಕಟ್ಟಿಹಾಕಿ, ಲೆನ್ಸಿಗೆ ನನ್ನ ತಂಪು ಕನ್ನಡಕ ಅಡ್ಡ ಹಿಡಿದೆ. ನೋಡಿದವರು ನಕ್ಕರು. ಶಟರ್ ಮಾತ್ರ ಮಾತು ಕೇಳಿತು.

ರೇಸು 60 ಸುತ್ತು. ಒಂದೂವರೆ ನಿಮಿಷಕ್ಕೊಮ್ಮೆ ತಪ್ಪದೆ ಬರುತ್ತಾರೆ. ನಮ್ಮ ಬಡಾವಣೆಗೆ ನೀರೂ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ವೆಟೆಲ್ ಮೊದಲಿಂದ ಕೊನೆಯವರೆಗೂ ಮುಂದೆಯೇ ಇದ್ದು ಗೆದ್ದ. ನಮ್ಮ ನಾರಾಯಣ್ ಕಾರ್ತಿಕೇಯನ್ 17ನೆಯವರಾಗಿ ಮುಗಿಸಿದರು. ನಾನೂ ಒಂದು ಗೆದ್ದೆ: ಹಿಂದಿನ ಚಕ್ರ, ಹಿಂದಿನ ರೆಕ್ಕೆ, ಅರ್ಧ ಹೆಲ್ಮೆಟ್ಟು. ಹಿನ್ನೆಲೆಯೆಲ್ಲ ಎಳೆದ ಬಣ್ಣದ ಗೆರೆ. ಕಾರಿನ ಮುಂಭಾಗ ಚೌಕಟ್ಟಿನಾಚೆ.

"ಅರ್ಧ ಕಾರಾ?" ಎಂದು ಬಾಮೈದ ನಕ್ಕ. ನಾನು ಲಾರ್ತೀಗ್‌ನ ಕಥೆ ತೆಗೆದೆ. ಸುಮಾರು 1912ರಲ್ಲಿ ಫ್ರಾನ್ಸಿನ ಈ ಹುಡುಗ ಗಾಜಿನ ಪ್ಲೇಟಿನ ಕ್ಯಾಮೆರಾ ಹಿಡಿದು ರೇಸಿನ ಕಾರಿನ ಪಟ ತೆಗೆದ. ಶಟರ್ ಸೀಳು ಮೆಲ್ಲಗೆ ಸರಿದುದರಿಂದ ಚಕ್ರ ಮೊಟ್ಟೆಯಾಗಿ ಮುಂದಕ್ಕೆ ವಾಲಿತು. ಕ್ಯಾಮೆರಾ ತಿರುಗಿಸಿದ್ದರಿಂದ ನೋಡಲು ನಿಂತವರೂ ಕಂಬಗಳೂ ಹಿಂದಕ್ಕೆ ವಾಲಿದವು. ಅಲ್ಲೂ ಕಾರಿನ ಮೂತಿ ಚೌಕಟ್ಟಿನಾಚೆ! 1963ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಅವನ ಚಿತ್ರಗಳ ಪ್ರದರ್ಶನ ಮಾಡಿದ ಮೇಲೆ ಜಗತ್ತೇ ತಲೆದೂಗಿತು. ಇವತ್ತು ವೇಗದ ಚಿತ್ರ ಎಂದರೆ ಮೊದಲು ತೋರಿಸುವುದೇ ಅದನ್ನು.

"ನನ್ನದಕ್ಕೂ ಅಷ್ಟು ವರ್ಷ ಹಿಡಿಯುತ್ತೆ ಕಣೋ, ನೋಡ್ತಿರು" ಎಂದೆ.

ಬಾಮೈದ ಸೋರೆಕಾಯಿ ಒರೆಸುತ್ತಲೇ ಬೆರಳು ಮಡಚಿ ಲೆಕ್ಕ ಹಾಕಿದ. "ಆಗ ನಿಮಗೆ ತೊಂಬತ್ತೇಳು, ಭಾವ. ಮೆಮೊರಿ ಕಾರ್ಡ್ ಎಲ್ಲಿಟ್ಟಿದ್ದೀರಿ ಅನ್ನೋದನ್ನ ಅಕ್ಕನಿಗೆ ಈಗಲೇ ಹೇಳಿಡಿ."