ಕಲಾವಿಮರ್ಶಕ ಮಹಾಶಯರಿಗೆ ಆಲೆಟ್ಟಿಯಿಂದೊಂದು ಬಿನ್ನವತ್ತಳೆ

ಸುಳ್ಯ ಸೀಮೆಯ ಆಲೆಟ್ಟಿಯ ಅಡಿಕೆ ತೋಟದ ತಂಪಿನಲ್ಲಿ ಹುಟ್ಟಿ ಬೆಳೆದ ನನಗೆ ಸಮಕಾಲೀನ ಚಿತ್ರಕಲೆಯ ಗುಣವಿಮರ್ಶೆಯೆಂಬ ಮಹಾಶಾಸ್ತ್ರದ ದರ್ಶನ ದೊರೆತದ್ದು ತಲೆ ನರೆತ ಮೇಲೆ. ತಪ್ಪು ನನ್ನದಲ್ಲ, ಊರಿನದು. ನಮ್ಮ ಕಡೆ ಗುಣ ನೋಡುವುದೆಂದರೆ ತೀರಾ ಒರಟು ಕೆಲಸ. ನಲವತ್ತು, ನಲವತ್ತೈದು ದಿನ ಅಂಗಳದಲ್ಲಿ ಬಿಸಿಲು ಕುಡಿಸಿ ಸುಲಿದ ಅಡಿಕೆಯನ್ನು ಸುಳ್ಯ ಪೇಟೆಗೆ ಒಯ್ದರೆ ವ್ಯಾಪಾರಿ ಗೋಣಿಯೊಳಗೆ ಕೈ ಹಾಕುತ್ತಾನೆ, ತಳದಿಂದ ನಾಲ್ಕು ಅಡಿಕೆ ಎತ್ತುತ್ತಾನೆ, ಅಡಕತ್ತರಿಯಲ್ಲಿ ಹೋಳು ಮಾಡಿ ಒಳಗಿನ ಬಿಳುಪು ನೋಡುತ್ತಾನೆ, ಇದು ಪಟೋರ, ಇದು ಉಳ್ಳಿ, ಇದು ಕಳಪೆ ಕರಿಗೋಟು ಎಂದು ದರ್ಜೆ ಬೇರೆ ಮಾಡಿ ದರ ಹೇಳುತ್ತಾನೆ. ವಸ್ತುವನ್ನು ಕಣ್ಣಿನಿಂದ ನೋಡಿಯೇ ಬೆಲೆ ಕಟ್ಟುವ ಈ ಆದಿಮ ಪದ್ಧತಿಯನ್ನು 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೋ ಕೂಡ ತಿದ್ದಲಿಲ್ಲವೆಂಬುದು ಖೇದದ ಸಂಗತಿ.

ನನ್ನ ಕಣ್ಣು ತೆರೆಸಿದ್ದು ಬೆಂಗಳೂರಿನ ಬಂಧುವೊಬ್ಬರು ದಯಪಾಲಿಸಿದ ಒಂದು ಕಲಾಗ್ರಂಥ. ಅದರ ತೂಕವೇ ಅದರ ವಿದ್ವತ್ತಿಗೆ ಮೊದಲ ಸಾಕ್ಷಿ. ಎರಡು ಕೈಗಳಿಂದ ಎತ್ತಿದಾಗ ದೇವರ ಪೀಠವನ್ನು ಎತ್ತಿದ ಭಯಭಕ್ತಿ ಹುಟ್ಟಿತು. ಅದರ ಹನ್ನೊಂದು ಪುಟಗಳ ಪ್ರಸ್ತಾವನೆಯ ಸಂಯಮವನ್ನು ಯಾವ ಮಾತಿನಿಂದ ಹೊಗಳಲಿ! ಕೆಂಪು, ನೀಲಿ, ಗೆರೆ, ಕುಂಚ ಎಂಬ ಅಗ್ಗದ ಶಬ್ದಗಳನ್ನು ಒಮ್ಮೆಯೂ ಬಾಯಿಗೆ ತಂದುಕೊಳ್ಳದೆ, ಅವಕಾಶದಿಂದ ನಿರವಕಾಶಕ್ಕೆ, ಅಲ್ಲಿಂದ ಅನುಪಸ್ಥಿತಿಯ ಉಪಸ್ಥಿತಿಗೆ, ಅಲ್ಲಿಂದ ದೇಹರಾಜಕಾರಣದ ನಿರಚನೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ಚಿತ್ರವೆಂಬ ಕ್ಷುದ್ರ ವಸ್ತು ಇರುವೆಯಷ್ಟೂ ಕಾಣದ ಎತ್ತರದಲ್ಲಿ ನಿಂತು, ವಿಮರ್ಶಕರು ಪ್ರಶಾಂತವಾಗಿ ಪೂರ್ಣವಿರಾಮ ಇಟ್ಟಿದ್ದರು. ಇದೇ ಲೇಖನಿಯ ಪ್ರಸ್ತಾವನೆಯಿರುವ ಇನ್ನೊಂದು ಪುಸ್ತಕ, ಇನ್ನೊಬ್ಬ ಕಲಾವಿದರದ್ದು, ಮುಂದೆ ನನ್ನ ಕೈ ಸೇರಿತು. ಕಲಾವಿದರ ಹೆಸರೊಂದು ಬಿಟ್ಟರೆ ಅಕ್ಷರವೂ ಬದಲಾಗಿರಲಿಲ್ಲ. ಸತ್ಯಕ್ಕೆ ಎರಡು ಪಾಠ ಇರಲು ಹೇಗೆ ಸಾಧ್ಯ?

ಈ ಎತ್ತರದಿಂದ ನೋಡಿದಾಗಲೇ ನಮ್ಮ ಹಿರಿಯರ ಕೊರತೆ ಸ್ಪಷ್ಟವಾಗುತ್ತದೆ. ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು 1930ರಷ್ಟು ಹಿಂದೆಯೇ ‘ಭಾರತೀಯ ಚಿತ್ರಕಲೆ’ ಎಂಬ ಪುಸ್ತಕ ಬರೆದರು. ಆದರೆ ಓದಿದವನಿಗೆ ಅರ್ಥವಾಗಬೇಕೆಂಬ ದೌರ್ಬಲ್ಯವನ್ನು ಅವರಿಗೆ ಜೀವಮಾನದಲ್ಲಿ ಗೆಲ್ಲಲಾಗಲಿಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ನಾಲ್ಕು ಗೆರೆಯಲ್ಲಿ ಕುಣಿತವನ್ನು ಕಾಣಿಸಿಬಿಡುತ್ತಿದ್ದರು. ವಿವರಿಸಲು ಏನನ್ನೂ ಉಳಿಸದ ಇಂಥವರಿಂದ ವಿಮರ್ಶಕ ಕುಲಕ್ಕೆ ಒದಗಿದ ಹಾನಿ ಅಷ್ಟಿಷ್ಟಲ್ಲ.

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯ ವಿಷಯ ಹೇಳಲು ನಾಲಿಗೆ ಏಳುವುದಿಲ್ಲ. ಕೈಯಲ್ಲಿ ಕಡಲೆಕಾಯಿ ಹಿಡಿದ ಜನ ಫುಟ್‌ಪಾತಿನ ಮೇಲಿನ ಚಿತ್ರದ ಮುಂದೆ ನಿಂತು, ಒಂದು ಪುಟ ಪ್ರಸ್ತಾವನೆಯನ್ನೂ ಓದದೆ, ಚಂದ ಉಂಟು ಎಂದು ಹಣ ಕೊಟ್ಟು ಕಂಕುಳಲ್ಲಿಟ್ಟುಕೊಂಡು ಹೋಗುತ್ತಾರೆ. ನಮ್ಮೂರ ಕಡೆಯ ತೆಂಕುತಿಟ್ಟಿನ ಯಕ್ಷಗಾನ ಆಟಗಳಲ್ಲೂ ಇದೇ ಅನಾಗರಿಕತೆ. ರಾಕ್ಷಸ ಪಾತ್ರದ ಬಣ್ಣದ ವೇಷದವರು ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಇಡುತ್ತಾರೆ. ಗದ್ದೆಯಲ್ಲಿ ಚಾಪೆ ಹಾಸಿ ಕೂತ ಅಜ್ಜ, ಈ ಸಲ ಚಿಟ್ಟಿ ಸಪೂರ ಆಯ್ತು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ವೀಳ್ಯ ಜಗಿಯುತ್ತಾರೆ. ಅಜ್ಜನಿಗೆ ಅಡಿಟಿಪ್ಪಣಿಯ ಸಂಸ್ಕಾರವಿಲ್ಲ. ಆ ರಾಕ್ಷಸಮುಖವೂ ಬೆಳಗಾಗುವಷ್ಟರಲ್ಲಿ ಎಣ್ಣೆಯಲ್ಲಿ ಒರೆಸಿ ಹೋಗುವುದರಿಂದ ಅದು ಕಲೆಯಾಗಿರಲು ಸಾಧ್ಯವೇ ಇಲ್ಲ.

ಹೊರಜಗತ್ತು ನಮಗಿಂತ ಎಷ್ಟು ಮುಂದಿದೆಯೆಂಬುದಕ್ಕೆ ಒಂದು ಉಜ್ಜ್ವಲ ನಿದರ್ಶನವಿದೆ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಕಲಾವಿದ ಮಾತಿಸ್ ಅವರ ‘ದೋಣಿ’ ಎಂಬ ಕಾಗದದ ಕೃತಿ 47 ದಿನ ತಲೆಕೆಳಗಾಗಿ ತೂಗಿತು. ಲಕ್ಷಕ್ಕೂ ಮಿಕ್ಕಿ ಜನ ಅದರೆದುರು ಗಂಭೀರವಾಗಿ ಹಾದುಹೋದರು. ಪಂಡಿತರು ಯಾರೂ ಚಕಾರವೆತ್ತಲಿಲ್ಲ. ಚಿತ್ರವನ್ನು ನೋಡುವ ಚಪಲಕ್ಕೆ ಒಳಗಾಗದ ಈ ಸ್ಥಿತಪ್ರಜ್ಞತೆಗೆ ನಾನು ಸಾಷ್ಟಾಂಗ ಎರಗುತ್ತೇನೆ. ಕೊನೆಗೆ ಅದನ್ನು ಕಂಡುಹಿಡಿದು ರಸಭಂಗ ಮಾಡಿದ್ದು ಒಬ್ಬ ಷೇರು ದಲ್ಲಾಳಿ ಮಹಿಳೆ. ದಲ್ಲಾಳಿಗಳ ಸ್ವಭಾವ ನ್ಯೂಯಾರ್ಕಿನಲ್ಲೂ ಸುಳ್ಯದಲ್ಲೂ ಒಂದೇ.

ಇಷ್ಟೆಲ್ಲ ಅರಿತ ಮೇಲೆ ಸುಮ್ಮನಿರುವುದು ಧರ್ಮವಲ್ಲವೆಂದು ಈ ಸಲದ ಫಸಲಿಗೆ ನಾನೇ ಆರು ಪುಟದ ಪ್ರಸ್ತಾವನೆ ಬರೆದೆ. ತೋಟದ ತೇವ, ಹಿಂಗಾರದ ಮೌನ, ಅಂಗಳಕ್ಕೆ ಬಾರದ ಬಿಸಿಲಿನ ಅನುಪಸ್ಥಿತಿ, ಎಲ್ಲವೂ ಅದರಲ್ಲಿ ಬಂದಿತ್ತು. ದಪ್ಪ ಕಾಗದದಲ್ಲಿ ಮುದ್ರಿಸಿ, ಗೋಣಿಗೊಂದರಂತೆ ಹೊಲಿದು ಪೇಟೆಗೆ ಒಯ್ದೆ. ವ್ಯಾಪಾರಿ ಮೊದಲ ಪುಟವನ್ನು ಓದಲಿಲ್ಲ, ಕೊನೆಯದನ್ನೂ ಓದಲಿಲ್ಲ. ಹೊಲಿಗೆ ಬಿಚ್ಚಿ ಕೈ ಹಾಕಿದ, ನಾಲ್ಕು ಹೋಳು ಮಾಡಿದ, ಮೂರು ಹೋಳುಗಳ ಒಳಗಿನ ಕಪ್ಪನ್ನು ನನ್ನ ಕಡೆಗೆ ತಿರುಗಿಸಿ ಹಿಡಿದ, ಕರಿಗೋಟು ಎಂದ. ಪ್ರಸ್ತಾವನೆಯ ಹಾಳೆಯಲ್ಲೇ ಆ ಹೋಳುಗಳನ್ನು ಕಟ್ಟಿ ಕೈಗೆ ಕೊಟ್ಟ.

ಗೋಣಿಗಳು ಈಗ ನಮ್ಮ ಅಟ್ಟದ ಮೇಲಿವೆ. ನಾನು ಹನ್ನೊಂದು ಪುಟದ ಪರಿಷ್ಕೃತ ಆವೃತ್ತಿಯಲ್ಲಿ ತೊಡಗಿದ್ದೇನೆ.